ಮನೆಯ ಸುತ್ತಿನ ವಿಷಜೇಡಗಳು: ಹೆದರಿಕೆ ಬೇಡ, ಎಚ್ಚರವಿರಲಿ



ಕಣದ ಮೂಲೆಯ ಗೋಣಿಚೀಲ ಎತ್ತುವಾಗ, ಸೌದೆ ಕೊಟ್ಟಿಗೆಗೆ ಕೈ ಹಾಕುವಾಗ ಅಂಗೈಯಗಲದ ಜೇಡ ಹೊರಬಿದ್ದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಕೂಡಲೇ ತೋಟಕ್ಕೆಂದು ತಂದ ಕೀಟನಾಶಕವನ್ನು ಮನೆಯೊಳಗೆ ಸಿಂಪಡಿಸುವವರೂ ನಮ್ಮಲ್ಲಿದ್ದಾರೆ. ಅದು ಜೇಡಕ್ಕಿಂತ ದೊಡ್ಡ ಅಪಾಯ. ಮಕ್ಕಳಿರುವ ಮನೆಯಲ್ಲಂತೂ ಕೂಡದು.

ಬಹುಪಾಲು ಜೇಡಗಳಿಗೆ ವಿಷವುಂಟು. ಅದು ಕೀಟಗಳನ್ನು ಕೊಲ್ಲಲು. ರಾತ್ರಿ ಗೋಡೆಯ ಮೇಲೆ ಓಡಾಡುವ, ಬಲೆ ಕಟ್ಟದ ಚಪ್ಪಟೆ ಜೇಡ ಜಿರಳೆ ತಿನ್ನುತ್ತದೆ, ನಮಗೆ ಉಪಕಾರಿ. ತೋಟದಲ್ಲಿ ಹೊಂಬಣ್ಣದ ದೊಡ್ಡ ಬಲೆ ಕಟ್ಟುವುದರಿಂದಲೂ ಭಯವಿಲ್ಲ. ಎಚ್ಚರ ಬೇಕಾದದ್ದು ಮರದ ಪೊಟರೆಗಳಲ್ಲಿ ವಾಸಿಸುವ ರೋಮದ ದೊಡ್ಡ ಜೇಡದ ವಿಷಯದಲ್ಲಿ. ಅದು ಕಚ್ಚಿದರೆ ತೀವ್ರ ನೋವು, ಊತ, ಕೆಲವರಿಗೆ ಸ್ನಾಯುಸೆಳೆತವೂ ಬರುತ್ತದೆ. ಮರ ಕಪಾತು ಮಾಡುವವರು ಪೊಟರೆಗೆ ಬರಿಗೈ ಹಾಕಬಾರದು.

ಹತೋಟಿಗೆ ಖರ್ಚಿಲ್ಲದ ಕ್ರಮಗಳಿವೆ:

1. ಸೌದೆ, ಹಳೆಯ ಹೆಂಚು, ಅಡಿಕೆ ಸಿಪ್ಪೆಯ ರಾಶಿಯನ್ನು ಗೋಡೆಗೆ ತಾಗಿಸಿ ಇಡಬೇಡಿ.

2. ವಾರಕ್ಕೊಮ್ಮೆ ಬಲೆಗಳನ್ನು ಮೊಟ್ಟೆಯ ಚೀಲದ ಸಮೇತ ಪೊರಕೆಯಿಂದ ತೆಗೆಯಿರಿ.

3. ಜಗಲಿಯ ದೀಪವನ್ನು ರಾತ್ರಿಯಿಡೀ ಉರಿಸಬೇಡಿ. ದೀಪಕ್ಕೆ ಹುಳ, ಹುಳಕ್ಕೆ ಜೇಡ ಬರುತ್ತದೆ.

4. ಬೂಟು, ಕೈಚೀಲ, ಗೋಣಿ ಇವನ್ನು ಕೊಡವಿಯೇ ಬಳಸಿರಿ.

ಜೇಡ ಕಚ್ಚಿದ ಜಾಗವನ್ನು ಸಾಬೂನು ಹಾಕಿ ತೊಳೆದು ತಣ್ಣೀರಿನ ಬಟ್ಟೆ ಇಡಿ. ಕೊಯ್ಯುವುದು, ಸುಡುವುದು, ಬಿಗಿಯಾಗಿ ಕಟ್ಟುವುದು ಬೇಡ. ನೋವು ಏರಿದರೆ, ಸೆಳೆತ ಬಂದರೆ ವೈದ್ಯರ ಬಳಿಗೆ ಹೋಗಿರಿ.

ಇನ್ನು ಮುಖ್ಯವಾದ ಮಾತು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಏನೋ ಚುಚ್ಚಿದಂತಾದರೆ "ಜೇಡವಿರಬೇಕು" ಎಂದು ಮತ್ತೆ ಮಲಗುವುದುಂಟು. ಕಟ್ಟುಹಾವು ಕಚ್ಚಿದರೆ ನೋವಾಗಲಿ ಗುರುತಾಗಲಿ ಹೆಚ್ಚಾಗಿ ಇರುವುದಿಲ್ಲ. ಕೆಲವು ಗಂಟೆಗಳಲ್ಲಿ ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು, ಕೊನೆಗೆ ಉಸಿರಾಟದ ತೊಂದರೆ ಬರುತ್ತದೆ. ಕಚ್ಚಿದ್ದು ಏನೆಂದು ಕಣ್ಣಾರೆ ಕಾಣದಿದ್ದರೆ ಹಾವೆಂದೇ ತಿಳಿದು, ಲಕ್ಷಣಗಳಿಗೆ ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೊರಡಿರಿ. ಹಾವಿನ ವಿಷಕ್ಕೆ ಮದ್ದುಂಟು, ಕಳೆದ ಹೊತ್ತಿಗೆ ಮದ್ದಿಲ್ಲ.

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ನಮ್ಮ ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ನೀರೇರಿದಾಗ ಹಾವು, ಚೇಳು, ಜೇಡಗಳೂ ನಮ್ಮಂತೆಯೇ ಒಣನೆಲ ಹುಡುಕುತ್ತವೆ. ಆದುದರಿಂದ ಮಳೆಗೆ ಮುನ್ನವೇ ಮನೆಯ ಸುತ್ತ, ಲೈನ್‌ಮನೆಗಳ ಸುತ್ತ ಕಸ ತೆಗೆಸಿರಿ. ಕೆಲಸದವರಿಗೆ ಮಂಚ, ಸೊಳ್ಳೆಪರದೆ, ಟಾರ್ಚು ಒದಗಿಸುವುದು ದಾನವಲ್ಲ, ನಮ್ಮ ಹೊಣೆ.