ಹೊತ್ತು ಮುಳುಗಿದರೆ ಮೇಲೆ, ನಸುಕಾದರೆ ಕೆಳಗೆ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೆ ಕೆರೆ, ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯಬೇಡಿ ಎಂದು ಆರೋಗ್ಯ ಇಲಾಖೆಯವರು ಮನೆಮನೆಗೆ ಹೇಳಿ ಹೋಗುತ್ತಿದ್ದರು. ಕಾರಣ ನಾರುಹುಣ್ಣು. ಆ ಹುಳದ ಮರಿ ಸೈಕ್ಲಾಪ್ಸ್ ಎಂಬ ಸಣ್ಣ ನೀರುಜೀವಿಯ ಹೊಟ್ಟೆಯಲ್ಲಿ ಇರುತ್ತಿತ್ತು. ಸೈಕ್ಲಾಪ್ಸ್ ಬಟ್ಟೆಯ ಮೇಲೆ ಉಳಿದರೆ ರೋಗವೂ ಅಲ್ಲೇ ಉಳಿಯುತ್ತಿತ್ತು. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಘೋಷಿಸಿತು. ರೋಗ ಹೋಯಿತು. ಸೈಕ್ಲಾಪ್ಸ್ ಮಾತ್ರ ನಮ್ಮ ಬೀಡಿ, ಖಾನಾಪುರದ ಕಡೆಯ ಕೆರೆಗಳಲ್ಲಿ ಇವತ್ತಿಗೂ ಕುಪ್ಪಳಿಸುತ್ತಲೇ ಇದೆ.

ಈ ಸೈಕ್ಲಾಪ್ಸ್‌ನ ನೆಂಟರು ಉತ್ತರ ಧ್ರುವದ ಮಂಜುಗಟ್ಟುವ ಸಮುದ್ರದಲ್ಲಿದ್ದಾರೆ. ಅವುಗಳಲ್ಲಿ ಮುಖ್ಯವಾದದ್ದು ಕ್ಯಾಲನಸ್. ಉದ್ದ ಮೂರು ನಾಲ್ಕು ಮಿಲಿಮೀಟರ್, ಅಂದರೆ ಒಂದು ಅಕ್ಕಿ ನುಚ್ಚಿನಷ್ಟು. ಹೀಗೆ ನೀರಿನ ಸೆಳೆತಕ್ಕೆ ಸಿಕ್ಕಿ ತೇಲುತ್ತ ಬದುಕುವ ಸಣ್ಣ ಪ್ರಾಣಿಗಳಿಗೆಲ್ಲ ಒಟ್ಟಾಗಿ ಝೂಪ್ಲಾಂಕ್ಟನ್ ಎಂದು ಹೆಸರು. ಕನ್ನಡದಲ್ಲಿ ತೇಲುಪ್ರಾಣಿಗಳು ಎನ್ನಬಹುದು. ಅಡ್ಡಡ್ಡ ಹರಿವ ನೀರಿನ ಎದುರು ಇವುಗಳ ಆಟ ನಡೆಯದು. ಆದರೆ ಮೇಲೆ ಕೆಳಗೆ ಮಾತ್ರ ತಾವೇ ಈಜುತ್ತವೆ. ಹೊತ್ತು ಮುಳುಗಿದ ಮೇಲೆ ನೀರಿನ ಮೇಲ್ಪದರಕ್ಕೆ ಬರುತ್ತವೆ, ನಸುಕಿನಲ್ಲಿ ಮತ್ತೆ ಆಳಕ್ಕೆ ಇಳಿಯುತ್ತವೆ. ಇದಕ್ಕೆ ದೈನಂದಿನ ಲಂಬ ವಲಸೆ ಎನ್ನುತ್ತಾರೆ. ಜೀವರಾಶಿಯ ತೂಕದ ಲೆಕ್ಕದಲ್ಲಿ ಭೂಮಿಯ ಮೇಲೆ ದಿನವೂ ನಡೆಯುವ ಅತಿ ದೊಡ್ಡ ವಲಸೆ ಇದೇ.

ಇಷ್ಟು ಕಷ್ಟ ಏತಕ್ಕೆ ಎಂದು ನೀವು ಕೇಳಬಹುದು. ಇವುಗಳ ಊಟ ಸಸ್ಯ ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಕಣ್ಣಿಗೆ ಕಾಣದ ಪಾಚಿ. ಪಾಚಿಗೆ ಬಿಸಿಲು ಬೇಕು, ಹಾಗಾಗಿ ಊಟ ಇರುವುದು ಮೇಲೆ. ಆದರೆ ಹಗಲಲ್ಲಿ ಮೇಲೆ ಬಂದರೆ ಮೀನಿನ ಕಣ್ಣಿಗೆ ಬೀಳುತ್ತವೆ. ಕತ್ತಲಲ್ಲಿ ಬಂದು ಉಂಡು, ಬೆಳಕು ಹರಿಯುವ ಮೊದಲು ಜಾಗ ಖಾಲಿ ಮಾಡುವುದೇ ಕ್ಷೇಮ. ನೀರುಚಿಗಟ ಎಂಬ ಇಂಥದೇ ತೇಲುಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳು ಇನ್ನೂ ಒಂದು ಸಂಗತಿ ತೋರಿಸಿವೆ. ಮೀನನ್ನು ಬಿಡುವುದೇ ಬೇಡ, ಮೀನು ಇದ್ದ ನೀರನ್ನು ತೊಟ್ಟಿಗೆ ಸುರಿದರೂ ಸಾಕು, ಅವು ಹಗಲು ಹೊತ್ತು ಕೆಳಗೆ ಇಳಿಯುತ್ತವೆ. ಶತ್ರುವಿನ ವಾಸನೆಯೇ ಅವಕ್ಕೆ ಎಚ್ಚರಿಕೆ.

ಈ ಪಯಣಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ಮೂರು ಮಿಲಿಮೀಟರಿನ ಕ್ಯಾಲನಸ್ ನೂರು ಮೀಟರ್ ಏರಬೇಕಾದರೆ ತನ್ನ ಉದ್ದದ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು ದೂರ ಈಜಬೇಕು. ಮನುಷ್ಯನ ಅಳತೆಯಲ್ಲಿ ಐವತ್ತು ಕಿಲೋಮೀಟರು ದಾಟುತ್ತದೆ. ಬೀಡಿಯಿಂದ ಖಾನಾಪುರದ ಮೇಲೆ ಬೆಳಗಾವಿ ಮುಟ್ಟಿದಂತೆ, ಅದೂ ನೀರಲ್ಲಿ, ಅದೂ ಪ್ರತಿ ದಿನ. ಹಗಲೆಲ್ಲ ಕೆಳಗೆ ಉಪವಾಸ ಬೇರೆ.

ಈಗ ನಿಜವಾದ ಪ್ರಶ್ನೆ. ನಮ್ಮಲ್ಲಿ ಅತಿ ದೊಡ್ಡ ಹಗಲಿಗೂ ಅತಿ ಸಣ್ಣ ಹಗಲಿಗೂ ವ್ಯತ್ಯಾಸ ಎರಡು ತಾಸೂ ಇಲ್ಲ. ಧ್ರುವದ ಹತ್ತಿರ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಸೂರ್ಯ ಮುಳುಗುವುದಿಲ್ಲ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹುಟ್ಟುವುದಿಲ್ಲ. ಅಲ್ಲಿ ಇವಕ್ಕೆ ಹೊತ್ತು ಹೇಗೆ ತಿಳಿಯಬೇಕು? ವಸಂತದಲ್ಲಿ ಮತ್ತು ಬೇಸಿಗೆ ಮುಗಿಯುವಾಗ, ಹಗಲು ರಾತ್ರಿ ಎರಡೂ ಇರುವ ದಿನಗಳಲ್ಲಿ, ಇಡೀ ಹಿಂಡು ಒಟ್ಟಿಗೆ ಏರಿಳಿಯುತ್ತದೆ. ನಡುರಾತ್ರಿಯಲ್ಲೂ ಸೂರ್ಯ ಇರುವಾಗ ಆ ತಾಳ ತಪ್ಪುತ್ತದೆ. ಒಂದೊಂದೂ ಹಸಿವಾದಾಗ ಮೇಲೆ, ಹೊಟ್ಟೆ ತುಂಬಿದಾಗ ಕೆಳಗೆ, ತನ್ನಷ್ಟಕ್ಕೆ ತಾನು ಓಡಾಡುತ್ತದೆ. ಚಳಿಗಾಲದ ಕತ್ತಲಲ್ಲಿ ವಲಸೆ ಪೂರ್ತಿ ನಿಂತೇ ಹೋಗುತ್ತದೆ ಎಂದು ಬಹುಕಾಲ ನಂಬಿದ್ದರು. ಕ್ಯಾಲನಸ್‌ಗಳಲ್ಲಿ ಬಹಳಷ್ಟು ಮೈತುಂಬ ಕೊಬ್ಬು ತುಂಬಿಕೊಂಡು ಆಳದಲ್ಲಿ ಮಲಗಿಬಿಡುವುದೂ ನಿಜ.

ಆದರೆ ಎಲ್ಲವೂ ಮಲಗುವುದಿಲ್ಲ. 2016ರಲ್ಲಿ ಸ್ಕಾಟ್ಲೆಂಡಿನ ಸಾಗರ ವಿಜ್ಞಾನಿಗಳ ನೇತೃತ್ವದ ತಂಡವೊಂದು ಧ್ರುವದ ಬೇರೆಬೇರೆ ಕಡೆಯ ಹಲವು ವರ್ಷಗಳ ದಾಖಲೆ ಜೋಡಿಸಿ ನೋಡಿತು. ಸೂರ್ಯನಿಲ್ಲದ ತಿಂಗಳುಗಳಲ್ಲಿ ಈ ಜೀವಿಗಳು ಚಂದ್ರನನ್ನು ಹಿಡಿದು ನಡೆಯುತ್ತಿದ್ದವು. ಅವುಗಳ ದಿನ 24 ತಾಸಿನಿಂದ 24.8 ತಾಸಿಗೆ ಹಿಗ್ಗಿತ್ತು. ಚಂದ್ರ ಒಮ್ಮೆ ಹುಟ್ಟಿ ಮತ್ತೆ ಹುಟ್ಟಲು ಬೇಕಾಗುವ ಹೊತ್ತು ಅದೇ. ಹುಣ್ಣಿಮೆಯ ಆಸುಪಾಸು, 29.5 ದಿನಕ್ಕೊಮ್ಮೆ, ಇಡೀ ಹಿಂಡು ಸುಮಾರು 50 ಮೀಟರ್ ಆಳಕ್ಕೆ ಇಳಿದು ಕೂರುತ್ತಿತ್ತು. ಮೇಲೆ ಮಂಜುಗಡ್ಡೆ ಇದ್ದ ಕಡೆಯೂ ಹೀಗೇ ಕಂಡಿತು. ಅಷ್ಟು ಮಸುಕಾದ ಬೆಳದಿಂಗಳನ್ನು ನುಚ್ಚಿನಷ್ಟು ಜೀವಿ ಗುರುತಿಸುತ್ತದೆ ಎಂಬುದನ್ನು ನಾನು ಎಷ್ಟು ಸಲ ಓದಿದರೂ ಬೆರಗು ಕಡಿಮೆಯಾಗಿಲ್ಲ.

ಮಂಜುಗಡ್ಡೆಯ ಕೆಳಗಿನ ಓಡಾಟವನ್ನು ನೋಡುವುದು ಹೇಗೆ? ಕಣ್ಣಿನಿಂದಲ್ಲ, ಸದ್ದಿನಿಂದ. ಸಮುದ್ರದ ತಳಕ್ಕೆ ಲಂಗರು ಹಾಕಿ ನಿಲ್ಲಿಸಿದ ಉಪಕರಣ ಮೇಲಕ್ಕೆ ಸದ್ದು ಕಳಿಸುತ್ತದೆ. ತೇಲುಪ್ರಾಣಿಗಳಿಗೆ ಬಡಿದು ಮರಳುವ ದನಿಯಿಂದ ಹಿಂಡು ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ಈ ದಾರಿ ಸಿಕ್ಕಿದ್ದು ಯುದ್ಧಕಾಲದಲ್ಲಿ. ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ಅಮೆರಿಕದವರಿಗೆ ಕ್ಯಾಲಿಫೋರ್ನಿಯದ ಕಡಲಲ್ಲಿ ಇಲ್ಲದ ತಳವೊಂದು ಕೇಳಿಸಿತು. ಆ ತಳ ಸಂಜೆ ಮೇಲೆ ಬರುತ್ತಿತ್ತು, ಬೆಳಗ್ಗೆ ಇಳಿಯುತ್ತಿತ್ತು! ಅದು ಜೀವಿಗಳ ಪದರ ಎಂದು 1945ರಲ್ಲಿ ಮಾರ್ಟಿನ್ ಜಾನ್ಸನ್ ಎಂಬ ಜೀವಶಾಸ್ತ್ರಜ್ಞ ತೋರಿಸಿದರು.

ನಮ್ಮ ದೇಶದವರೂ ಧ್ರುವದ ಕಡಲಲ್ಲಿದ್ದಾರೆ. ಸ್ವಾಲ್‌ಬಾರ್ಡ್ ದ್ವೀಪಸಮೂಹದ ನ್ಯೂ ಓಲೆಸುಂಡ್‌ನಲ್ಲಿ, 79 ಡಿಗ್ರಿ ಉತ್ತರದಲ್ಲಿ, 2008ರಿಂದ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವಿದೆ. ಪಕ್ಕದ ಕಾಂಗ್ಸ್‌ಫ್ಯೋರ್ಡ್ ಕೊಲ್ಲಿಯಲ್ಲಿ 2014ರ ಜುಲೈನಲ್ಲಿ ಇಂಡಾರ್ಕ್ ಎಂಬ ಲಂಗರು ಹಾಕಿದ ವೀಕ್ಷಣಾಲಯವನ್ನು 192 ಮೀಟರ್ ಆಳದ ನೀರಿನಲ್ಲಿ ಇಳಿಸಿದರು. ನೀರಿನ ತಾಪಮಾನ, ಉಪ್ಪಿನಂಶ ಮುಂತಾದವನ್ನು ಅದು ಅಳೆಯುತ್ತದೆ. ಇದನ್ನೆಲ್ಲ ನಡೆಸುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಎಲ್ಲೋ ದೂರದಲ್ಲಿಲ್ಲ. ನಮ್ಮ ತಾಲೂಕಿನ ಲೋಂಡಾದಿಂದ ಕ್ಯಾಸಲ್‌ರಾಕ್ ಘಟ್ಟ ಇಳಿಯುವ ರೈಲು ಹೋಗಿ ನಿಲ್ಲುವ ವಾಸ್ಕೊದಲ್ಲೇ ಇದೆ. ವಿಜ್ಞಾನ ಓದುವ ಮಕ್ಕಳಿರುವ ಮನೆಯವರು ಈ ಹೆಸರನ್ನು ಬರೆದಿಟ್ಟುಕೊಳ್ಳಿ.

ಧ್ರುವದಲ್ಲಿ ಮಂಜು ಕರಗಿದರೆ ಈ ಜೀವಿಗಳಿಗೇನು ಎಂಬ ಸಂಶಯವೂ ಬರಬಹುದು. ಹಿಮ ಹೊದ್ದ ಮಂಜುಗಡ್ಡೆ ಸಮುದ್ರಕ್ಕೆ ಎಳೆದ ಪರದೆ ಇದ್ದ ಹಾಗೆ. ಪರದೆ ತೆಳುವಾದಷ್ಟೂ ಬೆಳಕು ಆಳಕ್ಕೆ ಇಳಿಯುತ್ತದೆ, ಬೆಳಕಿಗೆ ಹೆದರುವ ಜೀವಿಗಳೂ ಇಳಿಯುತ್ತವೆ. ಮುಂದೆ ಅವು ವರ್ಷದಲ್ಲಿ ಹೆಚ್ಚು ಕಾಲ ಆಳದಲ್ಲೇ ಉಳಿಯಬೇಕಾಗಬಹುದು, ಮಂಜಿನ ಅಡಿಗೆ ಅಂಟಿ ಬೆಳೆಯುವ ಪಾಚಿ ಅವುಗಳ ಬಾಯಿಗೆ ಸಿಗದೆ ಹೋಗಬಹುದು ಎಂದು 2023ರಲ್ಲಿ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯ ನೇತೃತ್ವದ ಅಧ್ಯಯನ ಹೇಳಿತು. ಕ್ಯಾಲನಸ್ ಬಡವಾದರೆ ಅದನ್ನು ತಿನ್ನುವ ಧ್ರುವದ ಮೀನು, ಹಕ್ಕಿ, ತಿಮಿಂಗಿಲಗಳೂ ಬಡವಾಗುತ್ತವೆ.

ಈ ಏರಿಳಿತವನ್ನು ನಿಮ್ಮೂರ ಕೆರೆಯಲ್ಲೇ ಪರೀಕ್ಷಿಸಬಹುದು. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಒಂದು ಲೀಟರಿನ ಬಾಟಲಿ ತೆಗೆದುಕೊಳ್ಳಿ. ತಳಕ್ಕೆ ಭಾರದ ಕಲ್ಲು ಬಿಗಿಯಿರಿ. ಕುತ್ತಿಗೆಗೆ ಹಗ್ಗ ಕಟ್ಟಿ. ಬಾಯಿಗೆ ಬುಚ್ಚ ಹಾಕಿ, ಆ ಬುಚ್ಚಕ್ಕೆ ಬೇರೊಂದು ದಾರ ಕಟ್ಟಿ. ಮುಚ್ಚಿದ ಬಾಟಲಿಯನ್ನು ಬೇಕಾದ ಆಳಕ್ಕೆ ಇಳಿಸಿ ದಾರ ಎಳೆದರೆ ಬುಚ್ಚ ಕಿತ್ತುಬರುತ್ತದೆ. ಗುಳುಗುಳು ಗುಳ್ಳೆ ಏಳುತ್ತವೆ. ಗುಳ್ಳೆ ನಿಂತ ಮೇಲೆ ಹಗ್ಗ ಎಳೆದುಕೊಳ್ಳಿ. ಆ ನೀರನ್ನು ಹಳೆಯ ನೈಲಾನ್ ಸೀರೆಯ ತುಂಡಿನಲ್ಲಿ ಸೋಸಿ, ಬಟ್ಟೆಯನ್ನು ಬಿಳಿ ಬಟ್ಟಲಿನ ಸ್ವಲ್ಪ ನೀರಿನಲ್ಲಿ ಜಾಲಾಡಿಸಿ, ಭೂತಗನ್ನಡಿ ಹಿಡಿದು ನೋಡಿ. ಚುಕ್ಕೆಯೊಂದು ಜಿಗಿದು ಜಿಗಿದು ನಿಂತರೆ, ಬಾಲದ ಎರಡೂ ಬದಿಗೆ ತತ್ತಿಯ ಸಣ್ಣ ಚೀಲ ತೂಗುತ್ತಿದ್ದರೆ, ಅದೇ ಹೆಣ್ಣು ಸೈಕ್ಲಾಪ್ಸ್.

ಮಧ್ಯಾಹ್ನ ಹನ್ನೆರಡಕ್ಕೆ ಮೇಲಿನ ನೀರು ಒಮ್ಮೆ, ಆಳದ್ದು ಒಮ್ಮೆ. ರಾತ್ರಿ ಎಂಟಕ್ಕೆ ಅದೇ ಜಾಗದಲ್ಲಿ ಮತ್ತೆ ಎರಡು ಸಲ. ಪ್ರತಿ ಸಲ ಎಷ್ಟು ಸಿಕ್ಕವು ಎಂದು ಎಣಿಸಿ ಬರೆಯಿರಿ. ನೀರು ತೆಗೆಯುವಾಗ ಬ್ಯಾಟರಿ ಬೆಳಕನ್ನು ಕೆರೆಗೆ ಬಿಡಬೇಡಿ. ಬೆಳಕಿಗೆ ಕೆಲವು ಜೀವಿಗಳು ಮುತ್ತಿಕೊಳ್ಳುತ್ತವೆ, ಲೆಕ್ಕ ಕೆಡುತ್ತದೆ. ಮೀನಿಲ್ಲದ ಬಾವಿಯಲ್ಲಿ ಏರಿಳಿತ ಅಷ್ಟಾಗಿ ಕಾಣದಿದ್ದರೆ ಬೇಸರ ಬೇಡ, ಕಾರಣ ಮೇಲೆ ಹೇಳಿದ್ದೇನೆ. ಮೀನಿರುವ, ಎರಡಾಳು ಆಳದ ಕೆರೆ ಒಳ್ಳೆಯದು. ಮಕ್ಕಳನ್ನು ಒಬ್ಬರೇ ಕಳಿಸಬೇಡಿ. ಮೆಟ್ಟಿಲು ಗಟ್ಟಿ ಇರುವ ಕಡೆಯಿಂದಲೇ ಹಗ್ಗ ಇಳಿಸಿ. ಮೊದಲ ಸಲ ಅಮಾವಾಸ್ಯೆಯ ಆಸುಪಾಸು ಮಾಡಿ, ಎರಡನೆಯದನ್ನು ಹುಣ್ಣಿಮೆಗೆ ಇಟ್ಟುಕೊಳ್ಳಿ.