ಸ್ಟಿಯರಿಂಗ್ ಬಿಗಿಯಾಯಿತೇ? ಮೊದಲು ಎಣ್ಣೆ ನೋಡಿ, ಆಮೇಲೆ ಪಂಪು

ತರಕಾರಿ ಬೆಳೆಯುವ ರೈತರಿಗೆ ಪಿಕಪ್ ಗಾಡಿ ಇಂದು ಎತ್ತಿನಷ್ಟೇ ಮುಖ್ಯವಾಗಿದೆ. ಬೆಳಗಿನ ಜಾವ ಮಾರುಕಟ್ಟೆ ಸೇರಿದ ಮಾಲಿಗೆ ಒಂದು ಬೆಲೆ, ಬಿಸಿಲೇರಿದ ಮೇಲೆ ಸೇರಿದ ಮಾಲಿಗೆ ಇನ್ನೊಂದು ಬೆಲೆ. ಆದ್ದರಿಂದ ಬೆಳೆಗೆ ತಗಲುವ ರೋಗವನ್ನು ಗುರುತಿಸುವಂತೆಯೇ ಗಾಡಿಗೆ ತಗಲುವ ರೋಗವನ್ನೂ ಮೊದಲ ಹಂತದಲ್ಲೇ ಗುರುತಿಸುವುದು ಲಾಭಕರ. ಅಂಥದೊಂದು ರೋಗ ಪವರ್ ಸ್ಟಿಯರಿಂಗ್ ಪಂಪು ಕೆಡುವುದು.

ಕಗ್ಗಲೀಪುರದ ಕಡೆಯ ರೈತರೊಬ್ಬರು ಹುರುಳಿಕಾಯಿ ಹೇರಿಕೊಂಡು ಉತ್ತರಹಳ್ಳಿ ಮಾರ್ಗವಾಗಿ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೊರಟಿದ್ದರು. ಒಂದು ಕಾಲಕ್ಕೆ ಉತ್ತರಹಳ್ಳಿ ಹೋಬಳಿಯ ಹಳ್ಳಿಯಾಗಿದ್ದು ಈಗ ನಗರದೊಳಗೆ ಸೇರಿಹೋಗಿರುವ ಚಿಕ್ಕಲಸಂದ್ರದ ತಿರುವಿನಲ್ಲಿ ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯಾಯಿತು. ಗಾಡಿ ಪಾದಚಾರಿ ದಾರಿಯ ಅಂಚಿಗೆ ತಗಲಿ ನಿಂತಿತು. ಜನಕ್ಕೆ ಅಪಾಯವಾಗಲಿಲ್ಲವೆಂಬುದೇ ಪುಣ್ಯ. ಹುರುಳಿಕಾಯಿ ಮಾತ್ರ ಬಾಡಿತು. ಒಂದು ಗ್ಯಾರೇಜಿನಲ್ಲಿ ಹೊಸ ಪಂಪು ಹಾಕಿಸಿದರು. ತಿಂಗಳು ಕಳೆಯುವುದರೊಳಗೆ ಅದೂ ಕೂಗತೊಡಗಿತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಮೊದಲಿನಿಂದಲೂ ಒಂದು ರಬ್ಬರ್ ಪೈಪಿನ ಕ್ಲಿಪ್ಪು ಸಡಿಲವಾಗಿ ಎಣ್ಣೆ ಸೋರುತ್ತಿತ್ತು. ಅವರು ವಾರಕ್ಕೊಮ್ಮೆ ಎಣ್ಣೆ ಸುರಿಯುತ್ತಿದ್ದರೇ ಹೊರತು ಸೋರುವ ಜಾಗ ಹುಡುಕಿರಲಿಲ್ಲ. ಪೈಪಿನ ತಪ್ಪಿಗೆ ಎರಡು ಪಂಪು ಬಲಿಯಾದವು.

ಪಂಪು ಕೆಲಸ ಮಾಡುವ ಬಗೆ

ಎಣ್ಣೆಯ ಒತ್ತಡದಿಂದ ನಡೆಯುವ ಸ್ಟಿಯರಿಂಗ್ ಮಾರಾಟದ ಕಾರಿನಲ್ಲಿ ಮೊದಲು ಬಂದದ್ದು ಅಮೆರಿಕದಲ್ಲಿ, 1951ರಲ್ಲಿ. ಅದರ ತತ್ವ ಸರಳ. ಎಂಜಿನ್ನು ಬೆಲ್ಟಿನ ಮೂಲಕ ಪಂಪನ್ನು ತಿರುಗಿಸುತ್ತದೆ. ಪಂಪಿನೊಳಗಿನ ಸಣ್ಣ ಅಲಗುಗಳು ಡಬ್ಬಿಯಿಂದ ಎಣ್ಣೆ ಎಳೆದು ಒತ್ತಡದಿಂದ ಸ್ಟಿಯರಿಂಗ್ ಪೆಟ್ಟಿಗೆಗೆ ನೂಕುತ್ತವೆ. ಆ ಒತ್ತಡ ಚಕ್ರ ತಿರುಗಿಸಲು ನಿಮ್ಮ ಕೈಗೆ ನೆರವಾಗುತ್ತದೆ. ಎಣ್ಣೆ ಮತ್ತೆ ಡಬ್ಬಿಗೆ ಮರಳುತ್ತದೆ. ಅಲಗುಗಳು ಸವೆಯದಂತೆ ಕಾಯುವುದೂ ಇದೇ ಎಣ್ಣೆ. ಎಣ್ಣೆ ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ. ಬಾವಿಯಲ್ಲಿ ನೀರು ಇಳಿದಾಗ ನೀರೆತ್ತುವ ಪಂಪು ಒಣಗಿ ಓಡಿ ಹಾಳಾಗುವಂತೆ ಇದೂ ಹಾಳಾಗುತ್ತದೆ.

ಎಲ್ಲ ಗಾಡಿಗಳಲ್ಲೂ ಈ ಪಂಪು ಇರುವುದಿಲ್ಲ. 2019ರಲ್ಲಿ ಬಂದ ಟಾಟಾ ಇಂಟ್ರಾದಂಥ ಗಾಡಿಗಳಲ್ಲಿ ವಿದ್ಯುತ್ ಮೋಟಾರು ಈ ಕೆಲಸ ಮಾಡುತ್ತದೆ. ಅವಕ್ಕೆ ಇಲ್ಲಿನ ಎಣ್ಣೆಯ ಮಾತು ಅನ್ವಯಿಸುವುದಿಲ್ಲ.

ಲಕ್ಷಣಗಳು

ತಿರುಗಿಸುವಾಗ ಕುಂಯ್‌ಗುಟ್ಟುವ ಸದ್ದು, ಡಬ್ಬಿಯಲ್ಲಿ ನೊರೆ: ಎಣ್ಣೆ ಕಡಿಮೆಯಾಗಿ ಗಾಳಿ ಸೇರಿದೆ.

ಗಾಡಿ ಚಾಲೂ ಮಾಡಿದಾಗ ಅಥವಾ ಪೂರ್ತಿ ತಿರುಗಿಸಿದಾಗ ಕಿರ್ರೆಂಬ ಸದ್ದು: ಬೆಲ್ಟು ಸಡಿಲವಾಗಿದೆ, ಇಲ್ಲವೇ ಸವೆದಿದೆ.

ನಿಂತಲ್ಲಿ ಬಿಗಿ, ಎಂಜಿನ್ ವೇಗ ಹೆಚ್ಚಿಸಿದರೆ ಹಗುರ: ಎಣ್ಣೆಯೂ ಬೆಲ್ಟೂ ಸರಿಯಿದ್ದರೆ ಪಂಪು ಸವೆದಿರುವ ಸಂಭವ ಹೆಚ್ಚು.

ಒಂದು ಕಡೆಗೆ ಮಾತ್ರ ಬಿಗಿ: ದೋಷ ಬಹುಮಟ್ಟಿಗೆ ಪಂಪಿನದಲ್ಲ, ಸ್ಟಿಯರಿಂಗ್ ಪೆಟ್ಟಿಗೆಯದು.

ಸದ್ದಿಲ್ಲ, ಸೋರಿಕೆಯಿಲ್ಲ, ಆದರೂ ಬಿಗಿ: ಮುಂದಿನ ಟಯರಿನ ಗಾಳಿ, ಕೀಲುಗಳ ಗ್ರೀಸು ಪರೀಕ್ಷಿಸಿ. ಗಾಳಿ ತುಂಬಿಸಿದರೆ ತೀರುವ ದೋಷಕ್ಕೆ ಪಂಪು ಕೊಳ್ಳುವುದು ಬೇಡ.

ದಾರಿಯಲ್ಲಿ ಕೆಟ್ಟರೆ

ಗಾಬರಿ ಬೇಡ. ಪಂಪು ಕೆಟ್ಟರೂ ಸ್ಟಿಯರಿಂಗಿಗೂ ಚಕ್ರಕ್ಕೂ ಇರುವ ಕಬ್ಬಿಣದ ಸಂಬಂಧ ಕಡಿಯುವುದಿಲ್ಲ. ಎರಡೂ ಕೈಯಿಂದ ಬಲವಾಗಿ ತಿರುಗಿಸಿದರೆ ಗಾಡಿ ತಿರುಗುತ್ತದೆ. ವೇಗ ತಗ್ಗಿಸಿ ಎಡಕ್ಕೆ ತನ್ನಿ. ಓಡುವ ಗಾಡಿಯ ಎಂಜಿನನ್ನು ಎಂದೂ ಆರಿಸಬಾರದು. ಬ್ರೇಕಿಗೆ ಸಿಗುವ ನೆರವೂ ಹೋಗುತ್ತದೆ. ಕೀಲಿ ತೆಗೆದರೆ ಸ್ಟಿಯರಿಂಗೇ ಬೀಗ ಬಿದ್ದು ನಿಲ್ಲುತ್ತದೆ.

ನಿಂತ ಮೇಲೆ ಎಂಜಿನ್ ಆರಿಸಿ ಬೆಲ್ಟು ನೋಡಿ. ಕೆಲವು ಗಾಡಿಗಳಲ್ಲಿ ಅದೇ ಬೆಲ್ಟು ರೇಡಿಯೇಟರಿನ ನೀರಿನ ಪಂಪನ್ನೂ ತಿರುಗಿಸುತ್ತದೆ. ಅಂಥ ಬೆಲ್ಟು ತುಂಡಾಗಿದ್ದರೆ ಒಂದು ಮೈಲಿಯೂ ಓಡಿಸಬೇಡಿ. ಎಂಜಿನ್ ಕಾದು ಕೆಡುತ್ತದೆ. ಬೆಲ್ಟು ಪಂಪಿಗೆ ಮಾತ್ರ ಮೀಸಲಾಗಿದ್ದರೆ ಮೆಕ್ಯಾನಿಕ್ ಅದನ್ನು ಕಳಚಿಕೊಡಬಹುದು. ಆಗ ಹೇರನ್ನು ಬೇರೆ ಗಾಡಿಗೆ ದಾಟಿಸಿ, ಬರಿದಾದ ಗಾಡಿಯನ್ನು ನಿಧಾನವಾಗಿ ಗ್ಯಾರೇಜಿನವರೆಗೆ ಒಯ್ಯಬಹುದು.

ಸೋರಿಕೆಯನ್ನು ಎಂಜಿನ್ ಓಡುತ್ತಿರುವಾಗ ಕೈಯಿಂದ ಮುಟ್ಟಿ ಹುಡುಕಬಾರದು. ಒತ್ತಡದ ಎಣ್ಣೆ ಚರ್ಮವನ್ನು ತೂರಬಲ್ಲದು, ಸುಡಬಲ್ಲದು. ಎಂಜಿನ್ ಆರಿಸಿ, ಪೈಪುಗಳನ್ನು ಬಟ್ಟೆಯಿಂದ ಒರೆಸಿ, ಅಡಿಯಲ್ಲಿ ಹಳೆ ರಟ್ಟು ಹಾಸಿ. ಮತ್ತೆ ಎಂಜಿನ್ ಓಡಿಸಿ ದೂರದಿಂದಲೇ ಸ್ಟಿಯರಿಂಗ್ ತಿರುಗಿಸಿಸಿ. ರಟ್ಟಿನ ಮೇಲೆ ಬಿದ್ದ ಹನಿ ಜಾಗವನ್ನು ತೋರಿಸುತ್ತದೆ. ಕೊಟ್ಟಿಗೆಯಲ್ಲಿ ನಿಲ್ಲಿಸುವ ಗಾಡಿಯಾದರೆ ಪೈಪನ್ನು ಇಲಿ ಕಡಿದಿದೆಯೇ ನೋಡಿ.

ಪಂಪು ಬದಲಿಸಲೇಬೇಕಾದರೆ

ಮೊದಲು ಸೋರಿಕೆ ನಿಲ್ಲಿಸಬೇಕು. ಪಂಪಿನ ಅಚ್ಚಿನ ಬಳಿ ಮಾತ್ರ ಜಿನುಗುತ್ತಿದ್ದರೆ ಆಯಿಲ್ ಸೀಲು ಬದಲಿಸಿದರೆ ಸಾಲುವುದುಂಟು. ಅದನ್ನು ಕೇಳಿ ನೋಡಿ. ಹೊಸ ಪಂಪೇ ಬೇಕಾದರೆ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಗಳು ಸಾಲಾಗಿವೆ. ಗಾಲಿ, ಅಚ್ಚು, ಪೈಪು ಕೂಡುವ ಬಾಯಿ ಒಂದಕ್ಕೊಂದು ಹೊಂದುತ್ತವೆಯೇ ನೋಡಿ, ರಸೀದಿ ಪಡೆಯಿರಿ.

ಸವೆದ ಪಂಪಿನ ಲೋಹದ ಪುಡಿ ಹಳೆ ಎಣ್ಣೆಯಲ್ಲಿ ಉಳಿದಿರುತ್ತದೆ. ಹಳೆ ಎಣ್ಣೆ ಪೂರ್ತಿ ತೆಗೆದು, ಡಬ್ಬಿಯನ್ನೂ ಪೈಪುಗಳನ್ನೂ ಹೊಸ ಎಣ್ಣೆಯಿಂದಲೇ ತೊಳೆದು, ಜಾಲರಿಯನ್ನು ಶುಚಿ ಮಾಡಿಸದಿದ್ದರೆ ಆ ಪುಡಿ ಹೊಸ ಪಂಪನ್ನೂ ತಿನ್ನುತ್ತದೆ. ಕೊಳೆತ ಬೇರಿರುವ ಮಡಿಯಲ್ಲೇ ಹೊಸ ಸಸಿ ನೆಟ್ಟಂತಾದೀತು.

ಗಾಡಿಯ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕತಕ್ಕದ್ದು. ಬ್ರೇಕ್ ಆಯಿಲ್ ಹಾಕಿದರೆ ಸ್ಟಿಯರಿಂಗಿನ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಸ್ಟಿಯರಿಂಗ್ ಎಣ್ಣೆಯನ್ನು ಬ್ರೇಕ್ ಡಬ್ಬಿಗೆ ಸುರಿದರೆ ಬ್ರೇಕೇ ಹೋದೀತು. ಆದುದರಿಂದ ಎರಡು ಡಬ್ಬಿಗಳನ್ನೂ ಮನೆಯ ಹುಡುಗರಿಗೆ ತೋರಿಸಿ ಗುರುತು ಹೇಳಿಕೊಡಿ.

ಎಣ್ಣೆ ತುಂಬಿದ ಮೇಲೆ ಗಾಳಿ ಹೊರಡಿಸಬೇಕು. ಮುಂದಿನ ಚಕ್ರಗಳನ್ನು ಎತ್ತಿ, ಭದ್ರವಾದ ಆನಿಕೆ ಕೊಟ್ಟು, ಎಂಜಿನ್ ಚಾಲೂ ಮಾಡದೆ ಸ್ಟಿಯರಿಂಗನ್ನು ಎಡಬಲಕ್ಕೆ ಪೂರ್ತಿಯಾಗಿ, ನಿಧಾನವಾಗಿ ಹಲವು ಸಲ ತಿರುಗಿಸಿ. ಎಣ್ಣೆ ಇಳಿದಷ್ಟೂ ತುಂಬುತ್ತಿರಿ. ಗುಳ್ಳೆ ನಿಂತ ಮೇಲೆ ಎಂಜಿನ್ ಓಡಿಸಿ ಮತ್ತೆ ಹಾಗೆಯೇ ಮಾಡಿ.

ಕೆಡದಂತೆ ಮುಂಜಾಗ್ರತೆ

ವಾರಕ್ಕೊಮ್ಮೆ, ಹೇರು ಹಾಕುವ ಮೊದಲು, ಡಬ್ಬಿಯಲ್ಲಿ ಎಣ್ಣೆ ಎರಡು ಗೆರೆಗಳ ನಡುವೆ ಇದೆಯೇ ನೋಡಿ. ಮುಚ್ಚಳ ತೆರೆಯುವ ಮುನ್ನ ಸುತ್ತಲಿನ ದೂಳು ಒರೆಸಿ. ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ; ಆ ಹೊತ್ತಿನಲ್ಲಿ ಪಂಪು ಪೂರ್ತಿ ಒತ್ತಡದಲ್ಲಿದ್ದು ಎಣ್ಣೆ ಕಾಯುತ್ತದೆ. ಉತ್ತ ಹೊಲದಲ್ಲಿ ಸಿಕ್ಕಿದ ಗಾಡಿಯನ್ನು ನಿಂತಲ್ಲೇ ತಿರುಗಿಸಲು ಹೆಣಗದೆ ಸ್ವಲ್ಪ ಮುಂದೆ ಹಿಂದೆ ಚಲಿಸುತ್ತ ತಿರುಗಿಸಿ. ಮಿತಿ ಮೀರಿ ಹೇರಬೇಡಿ.

ಡಬ್ಬಿಯ ಎಣ್ಣೆ ತಾನಾಗಿ ಆವಿಯಾಗಿ ಹೋಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆ ಎಂದೇ ತಿಳಿಯಿರಿ. ಒಮ್ಮೆ ತುಂಬಿಸಿದ ಎಣ್ಣೆ ಮತ್ತೊಮ್ಮೆ ಇಳಿದರೆ, ಮೂರನೆಯ ಸಲ ತುಂಬಿಸುವ ಮೊದಲು ಸೋರುವ ಜಾಗ ಹುಡುಕಿಸಿ. ಒಂದು ಕ್ಲಿಪ್ಪು ಬಿಗಿದರೆ ಪಂಪಿನ ಹಣವೂ ಉಳಿದೀತು, ಕತ್ತಲೆಯ ತಿರುವಿನಲ್ಲಿ ನಿಮ್ಮ ಜೀವವೂ ಉಳಿದೀತು.