ಕೂಡುವುದೋ, ಕಳೆಯುವುದೋ?

ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳು ಪಾಠಕ್ಕೆ ಕುಳಿತಿರುವ ಮನೆಗಳಲ್ಲಿ ದಿನವೂ ಕೇಳಿಬರುವ ಪ್ರಶ್ನೆಯೊಂದುಂಟು. ಮಗುವು ಲೆಕ್ಕದ ಪುಸ್ತಕವನ್ನು ತಂದೆಯ ಮುಂದೆ ಹಿಡಿದು, "ಅಪ್ಪಾ, ಇದನ್ನು ಕೂಡಬೇಕೋ, ಕಳೆಯಬೇಕೋ?" ಎಂದು ಕೇಳುತ್ತದೆ. ದುಡಿದು ದಣಿದು ಬಂದಿರುವ ತಂದೆಯು "ಕಳೆ" ಎಂದುಬಿಡುತ್ತಾನೆ. ಮಗು ಕಳೆಯುತ್ತದೆ, ಉತ್ತರ ಸರಿಹೋಗುತ್ತದೆ, ಇಬ್ಬರಿಗೂ ಸಮಾಧಾನವಾಗುತ್ತದೆ. ಆದರೆ ಆ ಒಂದು ಮಾತಿನಿಂದ ತಂದೆಯು ಮಗುವಿಗೆ ನೆರವಾದನೋ, ಅದರ ಪಾಲಿನ ಕೆಲಸವನ್ನು ತಾನೇ ಕಸಿದುಕೊಂಡನೋ ಎಂಬುದನ್ನು ವಾಚಕರು ವಿಚಾರಿಸತಕ್ಕದ್ದು. ಕೂಡುವುದೂ ಕಳೆಯುವುದೂ ಅಭ್ಯಾಸದಿಂದ ಬರುವ ಕೆಲಸ. ಅವುಗಳಲ್ಲಿ ಯಾವುದನ್ನು ಏಕೆ ಮಾಡಬೇಕೆಂದು ತಿಳಿಯುವುದೇ ಬುದ್ಧಿಯ ಕೆಲಸ.

ಈ ಬುದ್ಧಿಯ ಕೆಲಸವನ್ನು ಬಿಟ್ಟು ಬರಿಯ ಅಂಕಿಗಳನ್ನೇ ಹಿಡಿದರೆ ಏನಾಗುವುದೆಂಬುದಕ್ಕೆ ಫ್ರಾನ್ಸ್ ದೇಶದಲ್ಲಿ ನಡೆದ ಒಂದು ಪರೀಕ್ಷೆಯೇ ಸಾಕ್ಷಿ. ಗ್ರೆನೋಬಲ್ ನಗರದ ಗಣಿತಶಿಕ್ಷಣ ಸಂಶೋಧಕರು 1979-80ರ ಸುಮಾರಿನಲ್ಲಿ ಪ್ರಾಥಮಿಕ ಶಾಲೆಯ 97 ಮಕ್ಕಳ ಮುಂದೆ ಒಂದು ಲೆಕ್ಕವನ್ನಿಟ್ಟರು. ಹಡಗಿನಲ್ಲಿ 26 ಕುರಿಗಳೂ 10 ಆಡುಗಳೂ ಇವೆ. ಹಾಗಾದರೆ ಹಡಗಿನ ನಾಯಕನ ವಯಸ್ಸೆಷ್ಟು? ಕುರಿಗೂ ವಯಸ್ಸಿಗೂ ಏನು ಸಂಬಂಧವೆಂದು ನಾವು ನಗಬಹುದು. ಆದರೆ 76 ಮಕ್ಕಳು ನಗಲಿಲ್ಲ; ಕೊಟ್ಟ ಅಂಕಿಗಳನ್ನೇ ಬಳಸಿ ಏನಾದರೊಂದು ಉತ್ತರವನ್ನು ಬರೆದುಕೊಟ್ಟರು! ಅವರು ದಡ್ಡರಲ್ಲ. ಲೆಕ್ಕವೆಂದರೆ ಅಂಕಿಗಳನ್ನು ಹೇಗಾದರೂ ಸೇರಿಸಿ ಉತ್ತರ ತರುವುದೆಂದು ಅವರಿಗೆ ರೂಢಿಯಾಗಿತ್ತು, ಅಷ್ಟೆ.

ನಮ್ಮ ಹಿಂದಿನವರು ಲೆಕ್ಕವನ್ನು ಕಥೆಯಾಗಿ ಹೇಳುತ್ತಿದ್ದುದರ ಪ್ರಯೋಜನವು ಇಲ್ಲಿ ತಿಳಿಯುತ್ತದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿನಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಮಾವಿನಹಣ್ಣಿನ ಲೆಕ್ಕವೊಂದಿದೆ. ಅದರ ಸಾರವಿಷ್ಟು: ಹಣ್ಣಿನ ರಾಶಿಯಲ್ಲಿ ಅರಸನು ಆರನೆಯ ಒಂದು ಪಾಲನ್ನು ತೆಗೆದುಕೊಂಡನು. ಉಳಿದುದರಲ್ಲಿ ಅರಸಿಯು ಐದನೆಯ ಒಂದು ಪಾಲನ್ನೂ, ಬಳಿಕ ಮೂವರು ರಾಜಕುಮಾರರು ಒಬ್ಬರಾದ ಮೇಲೊಬ್ಬರು ಉಳಿದುಳಿದುದರಲ್ಲಿ ಕಾಲು, ಮೂರನೆಯ ಒಂದು, ಅರ್ಧ ಪಾಲುಗಳನ್ನೂ ತೆಗೆದುಕೊಂಡರು. ಕೊನೆಯ ಮಗುವಿಗೆ 3 ಹಣ್ಣುಗಳು ಉಳಿದವು. ರಾಶಿಯಲ್ಲಿದ್ದ ಹಣ್ಣುಗಳೆಷ್ಟು?

ಆತುರದ ಹುಡುಗನು ಭಿನ್ನರಾಶಿಗಳನ್ನೆಲ್ಲ ಕೂಡಿಬಿಡುತ್ತಾನೆ. ಮೊತ್ತವು 60ರಲ್ಲಿ 87 ಪಾಲಾಗುತ್ತದೆ. ಎಂದರೆ ಇದ್ದುದಕ್ಕಿಂತ ಹೆಚ್ಚು ಹಣ್ಣನ್ನು ಹಂಚಿದಂತಾಯಿತು! "ಉಳಿದುದರಲ್ಲಿ" ಎಂಬ ಒಂದು ಮಾತನ್ನು ಅವನು ಗಮನಿಸಲಿಲ್ಲ. ಗಮನಿಸಿದವನಾದರೋ ಕೊನೆಯಿಂದ ಹಿಂದಕ್ಕೆ ನಡೆಯುತ್ತಾನೆ. ಅರ್ಧ ಹೋಗಿ 3 ಉಳಿದುದರಿಂದ ಅದಕ್ಕೆ ಮೊದಲು 6 ಇದ್ದವು. ಮೂರರಲ್ಲಿ ಒಂದು ಪಾಲು ಹೋಗಿ 6 ಉಳಿಯಬೇಕಾದರೆ ಮೊದಲು 9. ಹಾಗೆಯೇ ಅದರ ಹಿಂದೆ 12, ಅದರ ಹಿಂದೆ 15, ಮೊಟ್ಟಮೊದಲು 18. ಈಗ ಹಂಚಿ ನೋಡಿದರೆ ಅರಸನಿಗೂ 3, ಅರಸಿಗೂ 3, ಕಿರಿಯ ಮಗುವಿಗೂ 3! ಪಾಲಿನ ಹೆಸರು ಬೇರೆಬೇರೆ, ಹಣ್ಣು ಮಾತ್ರ ಎಲ್ಲರಿಗೂ ಸಮ. 18 ಹುಣಿಸೆಬೀಜಗಳನ್ನು ಮುಂದಿಟ್ಟುಕೊಂಡು ಇದನ್ನು ಮಾಡಿದ ಮಗುವಿಗೆ ಆಗುವ ಸಂತೋಷವು "ಕೂಡು", "ಕಳೆ" ಎಂಬ ಅಪ್ಪಣೆಯಿಂದ ಎಂದಿಗೂ ಆಗದು.

ಅಂಕಿಯೇ ಇಲ್ಲದ ಲೆಕ್ಕಗಳೂ ಉಂಟು. ಹುಲಿ, ಮೇಕೆ, ಹುಲ್ಲಿನ ಹೊರೆ ಇವುಗಳನ್ನು ಒಂದೊಂದಾಗಿ ದೋಣಿಯಲ್ಲಿ ದಾಟಿಸುವ ಒಗಟನ್ನು ಕೇಳದವರು ಕಡಿಮೆ. ಯುರೋಪಿನಲ್ಲಿ ಇದೇ ಒಗಟು ತೋಳ, ಮೇಕೆ, ಕೋಸು ಎಂಬ ರೂಪದಲ್ಲಿ, 804ರಲ್ಲಿ ತೀರಿಕೊಂಡ ಆಲ್ಕ್ವಿನ್ ಎಂಬ ಪಂಡಿತನದೆಂದು ಹೇಳಲಾಗುವ ಲ್ಯಾಟಿನ್ ಸಂಗ್ರಹದಲ್ಲಿದೆ. ದಾಟಿಸಿದ ಮೇಕೆಯನ್ನು ಒಮ್ಮೆ ಹಿಂದಕ್ಕೆ ಕರೆತರಬಹುದೆಂದು ಹೊಳೆಯುವವರೆಗೆ ಅದು ಬಿಡಿಸಲು ಬಾರದು. ಮುಂದೆ ಹೋಗುವುದಕ್ಕೆ ಹಿಂದಕ್ಕೆ ಬರಬೇಕಾದೀತೆಂಬ ವಿವೇಕವನ್ನು ಮಗು ಆಟದಲ್ಲಿಯೇ ಕಲಿಯುತ್ತದೆ.

ಹೀಗಿರಲು ತಾಯಿತಂದೆಗಳು ಮಾಡತಕ್ಕುದೇನು? ಜಾರ್ಜ್ ಪೋಲ್ಯ ಎಂಬ ಗಣಿತಜ್ಞನು ಸಮಸ್ಯೆಗಳನ್ನು ಬಿಡಿಸುವ ಬಗೆಯನ್ನು ಕುರಿತು 1945ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಮಸ್ಯೆಯನ್ನು ಅರಿತುಕೊಳ್ಳುವುದೇ ಮೊದಲನೆಯ ಮೆಟ್ಟಿಲೆಂದೂ, ಬಂದ ಉತ್ತರವನ್ನು ಹಿಂದಿರುಗಿ ನೋಡುವುದು ಕೊನೆಯ ಮೆಟ್ಟಿಲೆಂದೂ ತಿಳಿಸಿದ್ದಾನೆ. ಇವೆರಡಕ್ಕೂ ಮನೆಯಲ್ಲಿ ಪಾಂಡಿತ್ಯವು ಬೇಕಿಲ್ಲ. ಪುಸ್ತಕವನ್ನು ಮುಚ್ಚಿಸಿ, "ಕಥೆಯನ್ನು ನಿನ್ನ ಮಾತಿನಲ್ಲಿ ಹೇಳು, ಏನು ಗೊತ್ತಿದೆ, ಏನು ಬೇಕಾಗಿದೆ?" ಎಂದು ಕೇಳಿರಿ. ಉತ್ತರ ಬಂದ ಮೇಲೆ ಅದನ್ನು ಕಥೆಯೊಳಗಿಟ್ಟು ಸರಿಹೊಂದುವುದೋ ಎಂದು ನೋಡಹೇಳಿರಿ. ನಡುವಣ ದಾರಿಯನ್ನು ಮಗುವಿಗೇ ಬಿಡಿರಿ. ಊಟವು ಸ್ವಲ್ಪ ತಡವಾದೀತು, ಚಿಂತೆಯಿಲ್ಲ.

ನಾಳೆ ಆ ಮಗುವೇ ಸಾಲಪತ್ರಕ್ಕೆ ರುಜು ಹಾಕಬೇಕಾಗುವುದು, ಬಡ್ಡಿಯ ಮಾತನ್ನು ಕೇಳಬೇಕಾಗುವುದು. ಅಲ್ಲಿಯೂ ಯಾವುದೋ ಒಂದು ಮಾತಿನಲ್ಲಿಯೇ ಲಾಭನಷ್ಟವೆಲ್ಲವೂ ಅಡಗಿರಬಹುದು. ಆಗ "ಅಪ್ಪಾ, ಕೂಡಬೇಕೋ, ಕಳೆಯಬೇಕೋ?" ಎಂದು ಕೇಳಲು ನಾವು ಬಳಿಯಲ್ಲಿರುವುದಿಲ್ಲ.